'ಎನಿವನ್' ಅಂದರೆ ಯಾರಾದರೂ, ಯಾರೂ, ಯಾರು ಬೇಕಾದರೂ?

ಇಂಗ್ಲಿಷಿನ 'ಎನಿವನ್' ಪದಕ್ಕೆ ಕನ್ನಡದಲ್ಲಿ ಥಟ್ಟನೆ ಬಾಯಿಗೆ ಬರುವುದು 'ಯಾರಾದರೂ'. ಅನುವಾದಕ್ಕೆ ಕೂತಾಗ ಅದೊಂದೇ ಸಾಲುವುದಿಲ್ಲ.

'ಡಿಡ್ ಎನಿವನ್ ಕಾಲ್?' ಅಂದರೆ 'ಯಾರಾದರೂ ಫೋನ್ ಮಾಡಿದ್ದರಾ?' ಸರಿಯಾಗೇ ಇದೆ. 'ಐ ಡಿಡಂಟ್ ಸೀ ಎನಿವನ್' ಬಂದರೆ 'ಯಾರನ್ನೂ ನೋಡಲಿಲ್ಲ' ಆಗಬೇಕು. 'ಎನಿವನ್ ಕ್ಯಾನ್ ಲರ್ನ್ ದಿಸ್' ಅನ್ನುವುದು 'ಇದನ್ನು ಯಾರು ಬೇಕಾದರೂ ಕಲಿಯಬಹುದು'. ಇಲ್ಲಿ 'ಯಾರಾದರೂ ಕಲಿಯಬಹುದು' ಅಂತ ಬರೆದರೆ, ಎಲ್ಲೋ ಒಬ್ಬರು ಕಲಿತರೂ ಕಲಿತಾರು ಅನ್ನುವ ಅನುಮಾನದ ದನಿ ಬಂದುಬಿಡುತ್ತದೆ. ಈ ತಪ್ಪು ನನಗೆ ಆಗಾಗ ಕಣ್ಣಿಗೆ ಬೀಳುತ್ತದೆ, ಬೇಜಾರಾಗುತ್ತದೆ.

'ಸಮ್‌ವನ್' ಕೂಡ ಹಾಗೇ. ಬಾಗಿಲು ತಟ್ಟಿದ ಸದ್ದಾದರೆ 'ಯಾರೋ ಬಂದರು' ಅಂತೀವಿ. ಬಂದವರು ಅಲ್ಲೇ ಇದ್ದಾರೆ, ನಮಗೆ ಗುರುತಿಲ್ಲ ಅಷ್ಟೆ. 'ಯಾರನ್ನಾದರೂ ಕಳಿಸಿ' ಅಂದಾಗ ಬರುವವರು ಯಾರು ಅಂತ ಇನ್ನೂ ತೀರ್ಮಾನವೇ ಆಗಿಲ್ಲ. ಇಂಗ್ಲಿಷಿನಲ್ಲಿ ಎರಡೂ ಕಡೆ ಅದೇ 'ಸಮ್‌ವನ್'. ಅಂದಹಾಗೆ, 'ಎನಿ' ಹುಟ್ಟಿದ್ದು ಹಳೆಯ ಇಂಗ್ಲಿಷಿನಲ್ಲಿ 'ಒಂದು' ಅನ್ನುವ ಪದದಿಂದ. ನಾವು 'ಯಾರು' ಅನ್ನುವ ಪ್ರಶ್ನೆಗೇ ಒಂದು ಬಾಲ ಅಂಟಿಸಿ ಇಷ್ಟೆಲ್ಲ ಹೇಳುತ್ತೇವೆ.

ನಾನು ಸಿಕ್ಕಿಹಾಕಿಕೊಂಡಿದ್ದು, ಅನುವಾದ ಮಾಡುತ್ತಿರುವ ಕಥೆಯಲ್ಲಿ ಒಬ್ಬ ಅಜ್ಜ ಹೇಳುವ ಈ ವಾಕ್ಯದಲ್ಲಿ: 'ಐ ಡೋಂಟ್ ಲೆಂಡ್ ಮೈ ಬುಕ್ಸ್ ಟು ಎನಿವನ್.' ಕೊನೆಗೆ ದನಿ ಸುಮ್ನೆ ಇಳಿದರೆ 'ಯಾರಿಗೂ ಕೊಡಲ್ಲ'. 'ಎನಿ' ಮೇಲೆ ಒತ್ತು ಬಿದ್ದು, ದನಿ ಇಳಿದು ಮತ್ತೆ ಏರಿದರೆ ಅರ್ಥವೇ ಬೇರೆ: ಕೆಲವರಿಗೆ ಕೊಡುತ್ತೇನೆ, ಎಲ್ಲರಿಗೂ ಅಲ್ಲ. ಬರಹದಲ್ಲಿ ದನಿ ಕೇಳಿಸಲ್ಲ ಅಲ್ವಾ? ಅದಕ್ಕೇ ಈ ಎರಡನೇ ಅರ್ಥ ಬೇಕಾದಾಗ ಎಷ್ಟೋ ಸಲ 'ಜಸ್ಟ್ ಎನಿವನ್' ಅಂತ ಬರೆಯುತ್ತಾರೆ. ನನ್ನ ಮುಂದಿದ್ದ ವಾಕ್ಯದಲ್ಲಿ ಆ 'ಜಸ್ಟ್' ಇರಲಿಲ್ಲ. ಆದರೆ ಹಾಗೆ ಹೇಳಿದ ಅಜ್ಜ ಮುಂದಿನ ಪುಟದಲ್ಲೇ ಮೊಮ್ಮಗಳಿಗೆ ಪುಸ್ತಕ ಕೊಡುತ್ತಾನೆ. ಹಾಗಾಗಿ 'ಯಾರಿಗೂ' ನಡೆಯುವುದಿಲ್ಲ.

ಮೊದಲು 'ಯಾರ್ಯಾರಿಗೋ ಕೊಡಲ್ಲ' ಅಂತ ಬರೆದೆ. ಗುರುತಿಲ್ಲದವರಿಗೆ ಮಾತ್ರ ಕೊಡಲ್ಲ ಅಂದ ಹಾಗಾಯಿತು. 'ಸಿಕ್ಕಸಿಕ್ಕವರಿಗೆಲ್ಲ ಕೊಡಲ್ಲ' ಅಂತ ತಿದ್ದಿದೆ. ಕೇಳಲು ಸಹಜವಾಗಿದೆ, ಆದರೆ ಕೇಳುವವರ ಬಗ್ಗೆ ತಾತ್ಸಾರ ಜಾಸ್ತಿ. ಅಜ್ಜನಿಗೆ ಇರುವುದು ಪುಸ್ತಕದ ಮೇಲಿನ ಜೋಪಾನ, ಜನರ ಮೇಲಿನ ಸಿಟ್ಟಲ್ಲ. ಈಗ 'ಯಾರಿಗೆಂದರೆ ಅವರಿಗೆ ಕೊಡಲ್ಲ' ಅಂತ ಇಟ್ಟಿದ್ದೇನೆ. ಇದರಲ್ಲಿ ಆ ಜೋಪಾನ ನಿಮಗೂ ಕೇಳಿಸುತ್ತದಾ? ನಿಮ್ಮ ಕಡೆ ಈ ಮಾತನ್ನು ಬೇರೆ ಹೇಗಾದರೂ ಹೇಳುತ್ತೀರಾ?