ತಿಂಗಳು ತುಂಬದ ಕೂಸಿಗೆ ಆಕ್ಯುಪೇಷನಲ್ ಥೆರಪಿ: ಕೊಡಗಿನವರ ಪ್ರಶ್ನೆಗಳು, ಥೆರಪಿಸ್ಟ್ ಉತ್ತರಗಳು

ಪ್ರಶ್ನೆ (ನಾಪೋಕ್ಲು ಕಡೆಯ ಒಬ್ಬ ತಾಯಿ): ನಮಸ್ಕಾರ ಮೇಡಂ. ನನ್ನ ಮಗಳು 30ನೇ ವಾರದಲ್ಲೇ ಹುಟ್ಟಿದಳು. ತೂಕ 1,250 ಗ್ರಾಂ. ಮಡಿಕೇರಿಯಿಂದ ಮೈಸೂರಿನ ಒಂದು ಆಸ್ಪತ್ರೆಗೆ ಕರೆತಂದು ಇಂದಿಗೆ ಹನ್ನೆರಡು ದಿನಗಳಾದವು. ಉಸಿರಾಟದ ಯಂತ್ರವನ್ನು ತೆಗೆದಿದ್ದಾರೆ, ನಳಿಕೆಯಿಂದ ಹಾಲು ಕೊಡುತ್ತಿದ್ದಾರೆ. ನಿನ್ನೆ ಆಕ್ಯುಪೇಷನಲ್ ಥೆರಪಿಯವರೆಂದು ಒಬ್ಬರು ಬಂದರು. ಬಟ್ಟೆಯನ್ನು ಸುರುಳಿ ಸುತ್ತಿ ಕೂಸಿನ ಸುತ್ತ ಇಟ್ಟು, ತಲೆಯ ಮೇಲೊಂದು ಕೈ, ಪಾದಗಳ ಮೇಲೊಂದು ಕೈ ಇರಿಸಿಕೊಂಡು ಹತ್ತು ನಿಮಿಷ ಸುಮ್ಮನೆ ನಿಂತು ಹೊರಟುಹೋದರು. ವ್ಯಾಯಾಮ ಏನನ್ನೂ ಮಾಡಿಸಲಿಲ್ಲ; ಬಿಲ್ಲಿನಲ್ಲಿ ಮಾತ್ರ ಥೆರಪಿ ಎಂದು ಬರೆದಿದೆ. ಹಾಲು ಕುಡಿಯಲೂ ಬಾರದ ಕೂಸಿಗೆ ಎಂಥ ಉದ್ಯೋಗ, ಎಂಥ ಥೆರಪಿ ಎಂದು ನಮ್ಮ ಮಾವನವರು ಕೇಳುತ್ತಿದ್ದಾರೆ. ಅವರಿಗೆ ಏನು ಹೇಳಲಿ?

ಉತ್ತರ: ನಮಸ್ಕಾರ ಅಮ್ಮ. ನಾನು ವಿರಾಜಪೇಟೆಯಲ್ಲಿ ಹುಟ್ಟಿ ಬೆಳೆದು, ಹನ್ನೊಂದು ವರ್ಷಗಳಿಂದ ನವಜಾತ ಶಿಶುಗಳ ಘಟಕದಲ್ಲಿ ಇದೇ ಕೆಲಸ ಮಾಡುತ್ತಿರುವವಳು. ಮಾವನವರ ಪ್ರಶ್ನೆಯಲ್ಲಿ ತಪ್ಪಿಲ್ಲ. ‘ಔದ್ಯೋಗಿಕ ಚಿಕಿತ್ಸೆ’ ಎಂಬ ಅನುವಾದವೇ ದಾರಿ ತಪ್ಪಿಸುವಂಥದ್ದು. ಕಾರ್ಖಾನೆಯ ನೆನಪು ತರುತ್ತದೆ. ಆ ವಯಸ್ಸಿನಲ್ಲಿ ಕೂಸು ಮಾಡಬೇಕಾದ ಕೆಲಸಗಳೆಂದರೆ ನಿದ್ದೆ ಮಾಡುವುದು, ಉಸಿರಾಡುತ್ತಲೇ ಚೀಪಿ ನುಂಗುವುದು, ಕೈಯನ್ನು ಬಾಯಿಗೆ ತಂದು ತನ್ನನ್ನು ತಾನೇ ಸಮಾಧಾನಪಡಿಸಿಕೊಳ್ಳುವುದು, ತಾಯಿಯನ್ನು ವಾಸನೆಯಿಂದಲೂ ದನಿಯಿಂದಲೂ ಗುರುತಿಸುವುದು. ಇವು ಕೆಡದಂತೆ ನೋಡಿಕೊಳ್ಳುವುದೇ ನಮ್ಮ ಕೆಲಸ.

ಇನ್ನು ಬಟ್ಟೆಯ ಸುರುಳಿಯ ವಿಷಯ. ಗರ್ಭದ ಕೊನೆಯ ಎರಡು ಮೂರು ತಿಂಗಳು ಜಾಗ ಇಕ್ಕಟ್ಟಾಗುತ್ತ ಬರುವುದರಿಂದ ಕೂಸು ಮಂಡಿ ಮಡಚಿ, ಬೆನ್ನು ಬಾಗಿಸಿ, ಕೈಗಳನ್ನು ಮುಖದ ಬಳಿ ತಂದುಕೊಂಡು ಮುದುಡಿರುತ್ತದೆ. ಕಾಲನ್ನು ಚಾಚಿದರೆ ಗರ್ಭಕೋಶದ ಗೋಡೆ ತಡೆದು ಹಿಂದಕ್ಕೆ ಕಳಿಸುತ್ತದೆ. ಕೈಕಾಲು ಮಡಚಿಟ್ಟುಕೊಳ್ಳುವ ಬಿಗಿ ಸ್ನಾಯುಗಳಿಗೆ ಬರುವುದು ಆ ವಾರಗಳಲ್ಲಿಯೇ. ನಿಮ್ಮ ಮಗಳಿಗೆ ಆ ವಾರಗಳು ದಕ್ಕಲಿಲ್ಲ. ಅವಳನ್ನು ಸಪಾಟಾದ ಹಾಸಿಗೆಯ ಮೇಲೆ ಹಾಗೆಯೇ ಮಲಗಿಸಿಬಿಟ್ಟರೆ ಭೂಮಿಯ ಸೆಳೆತಕ್ಕೆ ಎದುರು ನಿಲ್ಲಲಾರದೆ ಕಾಲುಗಳು ಕಪ್ಪೆಯ ಕಾಲಿನಂತೆ ಎರಡು ಬದಿಗೂ ಬಿದ್ದುಕೊಳ್ಳುತ್ತವೆ, ಭುಜಗಳು ಹಿಂದಕ್ಕೆ ಹೋಗುತ್ತವೆ, ತಲೆ ಒಂದೇ ಪಕ್ಕಕ್ಕೆ ವಾಲಿ ಚಪ್ಪಟೆಯಾಗುತ್ತದೆ. ವಾರಗಟ್ಟಲೆ ಹೀಗೇ ಇದ್ದರೆ ಮುಂದೆ ಕೈಯನ್ನು ಎದೆಯ ನಡುವಿಗೆ ತರುವುದು, ಮಗುಚಿಕೊಳ್ಳುವುದು ಎಲ್ಲವೂ ಕಷ್ಟವಾಗುತ್ತದೆ. ಸುರುಳಿ ಸುತ್ತಿದ ಬಟ್ಟೆ ಗರ್ಭಕೋಶದ ಗೋಡೆಗೆ ಬದಲಿಯಾಗಿ ನಿಲ್ಲುತ್ತದೆ. ನಾವು ಅದನ್ನು ಗೂಡು ಕಟ್ಟುವುದು ಎನ್ನುತ್ತೇವೆ.

ತಲೆಗೂ ಪಾದಕ್ಕೂ ಕೈಯಿಟ್ಟು ನಿಂತದ್ದೂ ಸುಮ್ಮನೆ ನಿಂತದ್ದಲ್ಲ. ಸೂಜಿ ಚುಚ್ಚುವಾಗ ಅಥವಾ ಬಟ್ಟೆ ಬದಲಿಸುವಾಗ ಕೂಸು ಬೆದರಿ ಕೈಕಾಲು ಬಡಿದರೆ ಅದಕ್ಕೇ ಶಕ್ತಿ ಸೋರಿಹೋಗುತ್ತದೆ, ರಕ್ತದ ಆಮ್ಲಜನಕವೂ ಇಳಿಯುತ್ತದೆ. ಉಜ್ಜದೆ, ತಟ್ಟದೆ, ಅಲ್ಲಾಡಿಸದೆ ಇಟ್ಟ ಬೆಚ್ಚಗಿನ ಕೈ ಅದನ್ನು ಮತ್ತೆ ಮುದುಡಿಸಿ ನಿದ್ದೆಗೆ ಕಳಿಸುತ್ತದೆ. ಇಷ್ಟು ಎಳೆಯ ಕೂಸಿನ ಕೈಕಾಲು ಎಳೆದು ವ್ಯಾಯಾಮ ಮಾಡಿಸಿದ್ದರೆ ನಾನು ಗಾಬರಿಯಾಗುತ್ತಿದ್ದೆ. ಆ ಮೂಳೆಗಳಿಗೆ ಇನ್ನೂ ಸಾಕಷ್ಟು ಸುಣ್ಣದಂಶ ಸೇರಿರುವುದಿಲ್ಲ. ಬಿಲ್ಲಿನ ಬಗ್ಗೆ ಮಾತ್ರ ಒಂದು ಮಾತು: ಏನು ಮಾಡಿದಿರಿ, ಏಕೆ ಮಾಡಿದಿರಿ ಎಂದು ಕೇಳುವ ಹಕ್ಕು ನಿಮಗಿದೆ. ಥೆರಪಿಸ್ಟ್ ಕೂಸಿನ ಹತ್ತಿರ ಇರುವುದು ದಿನಕ್ಕೆ ಹತ್ತು ನಿಮಿಷ. ಉಳಿದ ಹೊತ್ತಿನಲ್ಲಿ ತಾಯಿ ಏನು ಮಾಡಬೇಕೆಂದು ಕಲಿಸದೆ ಹೋದರೆ ಆ ಹತ್ತು ನಿಮಿಷ ಅರ್ಧ ಕೆಲಸವೇ ಸರಿ. ನಾಳೆ ಅವರು ಬಂದಾಗ ‘ಈ ಕೈ ನಾನೇ ಇಡುತ್ತೇನೆ, ತೋರಿಸಿಕೊಡಿ’ ಎಂದು ಕೇಳಿ.

ಮರುಪ್ರಶ್ನೆ (ಅದೇ ತಾಯಿ): ಈಗ ಸಮಾಧಾನವಾಯಿತು ಮೇಡಂ. ಆದರೆ ನಾನು ಮುಟ್ಟಿದಾಗ ಅವಳಿಗೆ ಹಿತವಾಯಿತೋ ಹಿಂಸೆಯಾಯಿತೋ ತಿಳಿಯುವುದು ಹೇಗೆ? ಅಳಲೂ ಶಕ್ತಿ ಇಲ್ಲ ಅವಳಿಗೆ.

ಉತ್ತರ: ಅಳುವುದು ಕೊನೆಯ ಮಾತು ಅಮ್ಮ; ಅದಕ್ಕೆ ಮೊದಲೇ ಅವಳು ಬಹಳಷ್ಟು ಹೇಳಿರುತ್ತಾಳೆ. ಕೈಬೆರಳುಗಳನ್ನು ಬಿರಿಯುವಂತೆ ಅಗಲಿಸುವುದು, ತೋಳನ್ನು ಗಾಳಿಯಲ್ಲಿ ನೆಟ್ಟಗೆ ಚಾಚುವುದು, ಬೆನ್ನನ್ನು ಬಿಲ್ಲಿನಂತೆ ಹಿಂದಕ್ಕೆ ಬಾಗಿಸುವುದು, ಮುಖ ತಿರುಗಿಸಿಕೊಳ್ಳುವುದು, ಮೈಬಣ್ಣ ಪೇಲವವಾಗುವುದು ಅಥವಾ ಚುಕ್ಕೆಚುಕ್ಕೆಯಾಗುವುದು ಸಾಕು ಎಂಬುದರ ಗುರುತುಗಳು. ಬಿಕ್ಕಳಿಕೆ, ಆಕಳಿಕೆ, ಸೀನುಗಳನ್ನು ನೋಡಿ ನಾವು ಮುದ್ದು ಬಂದು ನಗುತ್ತೇವೆ. ತಿಂಗಳು ತುಂಬದ ಕೂಸಿನಲ್ಲಿ ಅವೂ ಎಷ್ಟೋ ಸಲ ದಣಿವಿನ ಮಾತುಗಳೇ. ಇವು ಕಂಡಾಗ ಮಾಡುತ್ತಿರುವುದನ್ನು ನಿಲ್ಲಿಸಿ, ಕೈಯನ್ನು ಥಟ್ಟನೆ ತೆಗೆಯದೆ ಸ್ಥಿರವಾಗಿಟ್ಟು ಕಾಯಿರಿ. ಕೈಯನ್ನು ಬಾಯಿಗೆ ತರುವುದು, ನಿಮ್ಮ ಬೆರಳನ್ನು ಹಿಡಿದುಕೊಳ್ಳುವುದು, ಪಾದವನ್ನು ಗೂಡಿನ ಅಂಚಿಗೆ ಊರುವುದು, ಉಸಿರು ಒಂದೇ ಸಮನಾಗುವುದು ಹಿತದ ಗುರುತುಗಳು. ನಾಲ್ಕು ದಿನ ಮಾನಿಟರಿನ ಅಂಕಿಗಳನ್ನು ಬಿಟ್ಟು ಮುಖವನ್ನೇ ನೋಡುತ್ತ ಕುಳಿತರೆ ನಮಗಿಂತ ಚೆನ್ನಾಗಿ ನೀವೇ ಓದುತ್ತೀರಿ.

ಪ್ರಶ್ನೆ (ಮಡಿಕೇರಿಯ ಒಬ್ಬ ತಂದೆ): ನಮ್ಮ ಮಗ ಈಗ 1,600 ಗ್ರಾಂ ಇದ್ದಾನೆ. ಕಾಂಗರೂ ಆರೈಕೆ ಮಾಡಿ, ಅಂದರೆ ಕೂಸನ್ನು ಬರಿಯ ಎದೆಗೆ ಅಪ್ಪಿಟ್ಟುಕೊಳ್ಳಿ ಎಂದಿದ್ದಾರೆ. ಹೆಂಡತಿಗೆ ಸಿಸೇರಿಯನ್ ಆಗಿರುವುದರಿಂದ ಹೆಚ್ಚು ಹೊತ್ತು ಕೂರಲಾಗುತ್ತಿಲ್ಲ. ನಾನು ಮಾಡಬಹುದೇ? ಆಟಿ ತಿಂಗಳ ಮಳೆಯಲ್ಲಿ, ಈ ಚಳಿಯಲ್ಲಿ ಕೂಸಿನ ಬಟ್ಟೆ ಬಿಚ್ಚುವುದು ಸರಿಯೇ ಎಂದು ಅಮ್ಮ ಹೆದರುತ್ತಿದ್ದಾರೆ.

ಉತ್ತರ: ಖಂಡಿತ ಮಾಡಬಹುದು ಅಣ್ಣ. ಎದೆಯ ಶಾಖಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಈ ಪದ್ಧತಿ ಶುರುವಾದದ್ದೇ ಕೊರತೆಯಿಂದ. 1978ರಲ್ಲಿ ಕೊಲಂಬಿಯಾ ದೇಶದ ಬೊಗೊಟಾ ನಗರದ ವೈದ್ಯರು, ಕೂಸನ್ನು ಬೆಚ್ಚಗಿಡುವ ಪೆಟ್ಟಿಗೆಗಳಾದ ಇನ್‌ಕ್ಯುಬೇಟರುಗಳು ಸಾಲದೆ ಕೂಸುಗಳನ್ನು ತಾಯಂದಿರ ಎದೆಗೇ ಕಟ್ಟಿಸಿದರು. ಬೊಗೊಟಾ ಕೂಡ ನಮ್ಮ ಮಡಿಕೇರಿಯಂತೆ ಎತ್ತರದ, ತಂಪಿನ ಊರು. ಅಮ್ಮನಿಗೆ ಇದನ್ನು ಹೇಳಿ. ತಿಂಗಳು ತುಂಬದ ಮತ್ತು ತೂಕ ಕಡಿಮೆಯಿರುವ ಕೂಸುಗಳಿಗೆ ಹುಟ್ಟಿದ ಮೇಲೆ ಆದಷ್ಟು ಬೇಗ ಆರಂಭಿಸಿ ದಿನಕ್ಕೆ 8ರಿಂದ 24 ಗಂಟೆ ಕಾಂಗರೂ ಆರೈಕೆ ಕೊಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಶಿಫಾರಸು ಮಾಡಿದೆ. ಒಬ್ಬರಿಂದಲೇ ಅದು ಆಗುವ ಮಾತಲ್ಲ. ನೀವು, ಹೆಂಡತಿ, ಬೇಕಾದರೆ ಅಜ್ಜಿಯೂ ಸರದಿಯ ಮೇಲೆ ಕುಳಿತುಕೊಳ್ಳಿ.

ಕೂಸಿಗೆ ಟೋಪಿ, ಕಾಲುಚೀಲ, ಡೈಪರ್ ಮಾತ್ರ ಇರಲಿ. ಬರಿಯ ಎದೆಗೆ ಬರಿಯ ಎದೆ ತಾಗುವಂತೆ ನೆಟ್ಟಗೆ ಇಟ್ಟು, ಮೇಲಿನಿಂದ ಬಟ್ಟೆ ಬಿಗಿದು, ಅದರ ಮೇಲೆ ನಿಮ್ಮ ಸ್ವೆಟರನ್ನೋ ಶಾಲನ್ನೋ ಹೊದ್ದುಕೊಳ್ಳಿ. ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಗದ್ದ ಎದೆಗೆ ಒತ್ತದಂತೆ ತುಸು ಮೇಲಕ್ಕಿರಲಿ. ಗದ್ದ ಒತ್ತಿಕೊಂಡರೆ ಉಸಿರಿನ ದಾರಿ ಮಡಚಿಕೊಳ್ಳುತ್ತದೆ. ಮೂಗು, ಬಾಯಿ ಸದಾ ಕಾಣುತ್ತಿರಬೇಕು. ಸೊಂಟ ಮಡಚಿ ಕಾಲುಗಳು ನಿಮ್ಮ ಎದೆಯನ್ನು ಅಪ್ಪಿದಂತಿರಲಿ. ಒಂದು ಗಂಟೆಗಿಂತ ಕಡಿಮೆ ಹೊತ್ತಿಗೆಂದು ಎತ್ತಿಕೊಳ್ಳುವುದರಿಂದ ಪ್ರಯೋಜನ ಕಡಿಮೆ, ಏಕೆಂದರೆ ಎತ್ತಿ ಇಳಿಸುವ ತೊಂದರೆಯಿಂದ ಸುಧಾರಿಸಿಕೊಂಡು ಗಾಢ ನಿದ್ದೆಗೆ ಜಾರಲು ಕೂಸಿಗೆ ಅಷ್ಟು ಹೊತ್ತು ಬೇಕು. ಮಳೆಗಾಲದಲ್ಲಿ ನನಗಿರುವ ಭಯ ಎದೆಯ ಮೇಲೆ ಬಿಚ್ಚಿದ ಬಟ್ಟೆಯದಲ್ಲ, ಒಲೆಯ ಮೇಲೆ ಹೊಗೆ ಹಿಡಿಸಿ ಒಣಗಿಸಿದ ಬಟ್ಟೆಯದು ಮತ್ತು ಪೂರ್ತಿ ಒಣಗದ ಬಟ್ಟೆಯದು.

ಪ್ರಶ್ನೆ (ಕುಶಾಲನಗರದ ಒಬ್ಬ ಚಿಕ್ಕಮ್ಮ): ಅಕ್ಕನ ಮಗುವಿಗೆ ಗರ್ಭದ ಲೆಕ್ಕದಲ್ಲಿ ಈಗ 35 ವಾರ. ಮೊಲೆಗೆ ಹಾಕಿದರೆ ನಾಲ್ಕು ಸಲ ಚೀಪಿ ನಿದ್ದೆಹೋಗುತ್ತದೆ. ಸಿಸ್ಟರ್ ಒಳಲೆಯಲ್ಲಿ (ಮೂತಿಯಿರುವ ಸಣ್ಣ ಬಟ್ಟಲು) ಕುಡಿಸುತ್ತಾರೆ. ಬಾಟಲಿ ಸುಲಭವೆಂದು ಕೆಲವರು ಹೇಳುತ್ತಾರೆ. ಮಗು ಸೋಮಾರಿಯೇ?

ಉತ್ತರ: ಸೋಮಾರಿಯಲ್ಲಮ್ಮ, ದಣಿದಿದೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಒಂದಕ್ಕೊಂದು ಹೊಂದಿಸುವ ಶಕ್ತಿ ಸಾಮಾನ್ಯವಾಗಿ 32ರಿಂದ 34 ವಾರಗಳ ಸುಮಾರಿಗೆ ಮೂಡತೊಡಗಿ ಮುಂದಿನ ವಾರಗಳಲ್ಲಿ ಬಲಿಯುತ್ತದೆ. ಹಾಗಾಗಿ ನಾವು ಗಡಿಯಾರಕ್ಕಿಂತ ಕೂಸನ್ನು ನೋಡಿ ಕುಡಿಸಲು ಹೇಳುತ್ತೇವೆ: ಕಣ್ಣು ತೆರೆದು, ಬಾಯಿಯನ್ನು ಹುಡುಕುವಂತೆ ತಿರುಗಿಸಿ, ಕೈಯನ್ನು ಬಾಯಿಗೆ ತರುವ ಹೊತ್ತಿಗೆ ಮೊಲೆಗೆ ಹಾಕಿದರೆ ನಾಲ್ಕು ಚೀಪು ಹತ್ತಾಗುತ್ತದೆ. ನಳಿಕೆಯಲ್ಲಿ ಹಾಲು ಹೋಗುತ್ತಿರುವಾಗಲೇ ಹಿಂಡಿ ಖಾಲಿ ಮಾಡಿದ ಮೊಲೆಯನ್ನು ಚೀಪಲು ಬಿಡಿ. ಹಾಲು ನುಗ್ಗಿ ಬರುವ ಭಯವಿಲ್ಲದೆ ಅಭ್ಯಾಸವಾಗುತ್ತದೆ, ಹೊಟ್ಟೆ ತುಂಬುವುದಕ್ಕೂ ಚೀಪುವುದಕ್ಕೂ ನಂಟು ಬೆಳೆಯುತ್ತದೆ.

ಒಳಲೆ ನಮ್ಮ ಅಜ್ಜಿಯರ ಕಾಲದ್ದಾದರೂ ಒಳ್ಳೆಯ ಸಾಧನ. ಅದನ್ನು ಕಳಚಿಟ್ಟು ಬಾಟಲಿ ಹಿಡಿಯುವ ಅವಸರ ಬೇಡ. ಒಳಲೆಯಲ್ಲಿ ತೊಳೆಯಲಾಗದ ಮೂಲೆಗಳಿಲ್ಲ, ಹಾಲು ಹೋಗುವ ವೇಗವೂ ನಿಮ್ಮ ಕೈಯಲ್ಲಿರುತ್ತದೆ. ಆದರೆ ಮಲಗಿಸಿ ಬಾಯಿಗೆ ಸುರಿಯಬಾರದು. ತಲೆ ಎತ್ತರವಾಗಿರುವಂತೆ ಹಿಡಿದು, ಮೂತಿಯನ್ನು ಕೆಳತುಟಿಗೆ ತಾಗಿಸಿ, ಒಂದು ಗುಟುಕು ನುಂಗಿ ಉಸಿರು ತೆಗೆದುಕೊಂಡ ಮೇಲೆಯೇ ಇನ್ನೊಂದು. ಹುಬ್ಬು ಗಂಟಿಕ್ಕಿದರೆ, ಬಾಯಂಚಿನಿಂದ ಹಾಲು ಸೋರಿದರೆ, ತುಟಿಯ ಸುತ್ತ ನೀಲಿಯಾದರೆ ನಿಲ್ಲಿಸಿ. ನೀಲಿ ಕಂಡಾಗ ಸಿಸ್ಟರನ್ನು ಕೂಡಲೇ ಕರೆಯಿರಿ. ನಾಲಿಗೆಗೆ ಜೇನು ಸವರುವುದು, ಬಜೆ ತೇಯ್ದು ನೆಕ್ಕಿಸುವುದು ಈ ಕೂಸಿಗೆ ಬೇಡವೇ ಬೇಡ.

ಪ್ರಶ್ನೆ (ಗೋಣಿಕೊಪ್ಪದ ಒಬ್ಬ ತಂದೆ): ಪೆಟ್ಟಿಗೆಯೊಳಗಿರುವ ಕೂಸಿಗೆ ಫೋನಿನಲ್ಲಿ ಹಾಡು ಕೇಳಿಸಬಹುದೇ?

ಉತ್ತರ: ಬೇಡ. ಘಟಕದ ಸದ್ದು 45 ಡೆಸಿಬೆಲ್ ಮೀರಬಾರದೆಂಬುದು ರೂಢಿಯ ಮಿತಿ, ಅಲಾರಂಗಳೇ ಅದನ್ನು ಮೀರುತ್ತಿರುತ್ತವೆ. ಇನ್‌ಕ್ಯುಬೇಟರಿನ ಮೇಲೆ ಬೆರಳಿನಿಂದ ಕುಟ್ಟುವುದು, ಬಾಗಿಲನ್ನು ರಪ್ಪನೆ ಹಾಕುವುದು, ಅದರ ಮೇಲೆ ಫೈಲು ಇಡುವುದು ಒಳಗೆ ಗುಡುಗಿನಂತೆ ಕೇಳುತ್ತದೆ. ಮೆಲುದನಿಯಲ್ಲಿ ನೀವೇ ಮಾತನಾಡಿ. ಕನ್ನಡವೋ ಕೊಡವ ತಕ್ಕೋ ಅರೆಭಾಷೆಯೋ, ಮನೆಯಲ್ಲಿ ಆಡುವ ಮಾತೇ ಆಗಲಿ.

ಪ್ರಶ್ನೆ (ಪೊನ್ನಂಪೇಟೆಯ ಒಬ್ಬ ಅಜ್ಜಿ, ಮೊಮ್ಮಗಳಿಂದ ಬರೆಸಿದ್ದು): ನಾನು ಹದಿನೇಳು ಕೂಸುಗಳಿಗೆ ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು ಬೆಳೆಸಿದ್ದೇನೆ. ಈಗ ಮರಿಮಗು ಎರಡು ಕಿಲೋ ಆಗಿ ಮನೆಗೆ ಬಂದಿದೆ. ಮುಟ್ಟಬೇಡಿ ಎನ್ನುತ್ತಾರೆ. ನಮ್ಮ ಕೈ ಅಷ್ಟು ಕೆಟ್ಟದ್ದೇ?

ಉತ್ತರ: ಅಜ್ಜಿ, ನಿಮ್ಮ ಕೈ ಬೇಕು, ಕೈಯ ಭಾರ ಮಾತ್ರ ಕಡಿಮೆಯಾಗಬೇಕು. ಮುಟ್ಟಬೇಡಿ ಎಂದು ಒಂದೇ ಮಾತಿನಲ್ಲಿ ಹೇಳಿ ಕಳಿಸಿದವರದು ತಪ್ಪು ಎಂದೇ ನನ್ನ ಅಭಿಪ್ರಾಯ, ಏಕೆಂದರೆ ಹಾಗೆ ಹೇಳಿದ ಮನೆಗಳಲ್ಲಿ ಬಾಣಂತಿ ಒಂಟಿಯಾಗುತ್ತಾಳೆ. ವೈದ್ಯರು ಒಪ್ಪಿದ ಮೇಲೆ, ಹಾಲು ಕುಡಿದ ಕೂಡಲೇ ಅಲ್ಲದ ಹೊತ್ತಿನಲ್ಲಿ, ಬೆಚ್ಚಗಿನ ಕೋಣೆಯಲ್ಲಿ ತೆಂಗಿನೆಣ್ಣೆಯನ್ನು ಅಂಗೈಯಲ್ಲಿ ಬಿಸಿಮಾಡಿಕೊಂಡು ಸವರಿ. ಬೆರಳ ತುದಿಯಿಂದ ಕಚಗುಳಿಯಿಡುವಂತೆ ಸವರಿದರೆ ಕೂಸು ಬೆದರುತ್ತದೆ, ತಿಕ್ಕಿದರೆ ನೋಯುತ್ತದೆ. ಇಡೀ ಅಂಗೈಯಿಂದ ನಿಧಾನವಾಗಿ, ಒಂದೇ ಒತ್ತಡದಲ್ಲಿ ಸವರುವುದು ಹಿತ. ಕೈಕಾಲುಗಳನ್ನು ಅಡ್ಡಡ್ಡ ಎಳೆಯುವುದು, ಕಾಲು ಹಿಡಿದು ತಲೆಕೆಳಗು ಮಾಡುವುದು, ಮೂಗು ತೀಡುವುದು, ಕಿವಿ ಮೂಗಿಗೆ ಎಣ್ಣೆ ಬಿಡುವುದು, ಸಾಂಬ್ರಾಣಿ ಹೊಗೆ ಹಿಡಿಯುವುದು ಇವಿಷ್ಟನ್ನು ಬಿಡಿ. ತೂಕ ಇನ್ನಷ್ಟು ಏರಿ ವೈದ್ಯರು ಹೇಳುವವರೆಗೆ ನೀರು ಹೊಯ್ಯದೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಪ್ರಶ್ನೆ (ಸಿದ್ದಾಪುರ ಕಡೆಯ ಒಬ್ಬ ಆಶಾ ಕಾರ್ಯಕರ್ತೆ): ನನ್ನ ವ್ಯಾಪ್ತಿಯ, ತೋಟದ ಕೂಲಿಯವರ ಲೈನ್ ಮನೆಯೊಂದಕ್ಕೆ 30ನೇ ವಾರದಲ್ಲಿ ಹುಟ್ಟಿದ ಕೂಸು ಬಂದಿದೆ. ನಾನು ಮನೆ ಭೇಟಿ ಮಾಡುತ್ತಿದ್ದೇನೆ. ಕಾಫಿ ಕೊಯ್ಲು ಶುರುವಾದರೆ ತಾಯಿ ಕೂಲಿಗೆ ಹೋಗಲೇಬೇಕು, ಮೈಸೂರಿಗೆ ಪದೇಪದೇ ಹೋಗುವುದು ಅವರಿಂದಾಗದು. ಯಾವುದನ್ನು ಬಿಡಬಾರದು, ಯಾವುದನ್ನು ಮನೆಯಲ್ಲೇ ಮಾಡಬಹುದು?

ಉತ್ತರ: ಬಿಡಲೇಬಾರದ್ದು ಕಣ್ಣು ಮತ್ತು ಕಿವಿಯ ತಪಾಸಣೆ. 34 ವಾರಕ್ಕೆ ಮೊದಲು ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಕೂಸಿನ ಕಣ್ಣಿನ ಅಕ್ಷಿಪಟಲವನ್ನು ಹುಟ್ಟಿದ ನಾಲ್ಕು ವಾರಗಳೊಳಗೆ ತಜ್ಞರು ನೋಡಬೇಕು, 28 ವಾರಕ್ಕೂ ಮೊದಲು ಹುಟ್ಟಿದ್ದರೆ ಇನ್ನೂ ಬೇಗ. ವಾರಗಳು ಜಾರಿದರೆ ದೃಷ್ಟಿ ಮರಳಿ ಬಾರದಂತೆ ಹೋಗಬಹುದು. ಡಿಸ್ಚಾರ್ಜ್ ಚೀಟಿಯಲ್ಲಿ ಆ ದಿನಾಂಕ ಇದೆಯೇ ಎಂದು ಇವತ್ತೇ ನೋಡಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಇಂಥ ಮಕ್ಕಳ ಬೆಳವಣಿಗೆಯ ತಪಾಸಣೆಗೆ ಜಿಲ್ಲಾ ಮಟ್ಟದಲ್ಲಿ ವ್ಯವಸ್ಥೆಯಿದೆ. ಮೈಸೂರಿಗೆ ಮೊದಲು ಅಲ್ಲಿ ವಿಚಾರಿಸಿ.

ಬೆಳವಣಿಗೆ ನೋಡಲು ವಯಸ್ಸನ್ನು ಲೆಕ್ಕ ಹಾಕುವಾಗ ಹುಟ್ಟಿದ ದಿನದಿಂದಲ್ಲ, ಹುಟ್ಟಬೇಕಾಗಿದ್ದ ದಿನದಿಂದ ಎಣಿಸಿ. ಈ ಕೂಸು ಹತ್ತು ವಾರ ಮೊದಲು ಬಂದಿರುವುದರಿಂದ ಕ್ಯಾಲೆಂಡರಿನಲ್ಲಿ ಐದೂವರೆ ತಿಂಗಳಾದಾಗ ಅದರ ನಿಜವಾದ ವಯಸ್ಸು ಸುಮಾರು ಮೂರು ತಿಂಗಳು. ಪಕ್ಕದ ಮನೆಯ ಕೂಸಿನೊಂದಿಗೆ ಹೋಲಿಸಿ ತಾಯಿಯನ್ನು ಅಳಿಸುವವರಿಗೆ ಈ ಲೆಕ್ಕ ಹೇಳಿಕೊಡಿ. ಆಸ್ಪತ್ರೆಯಲ್ಲಿ ಮಾನಿಟರ್ ಇತ್ತೆಂದು ಬೋರಲು ಮಲಗಿಸಿರಬಹುದು. ಮನೆಯಲ್ಲಿ ನಿದ್ದೆಗೆ ಅಂಗಾತವೇ ಸರಿ, ಗೂಡಿನ ಬಟ್ಟೆಗಳೂ ಬೇಡ. ಎಚ್ಚರವಿದ್ದಾಗ ಮಾತ್ರ ಯಾರಾದರೂ ಎದುರಿಗಿದ್ದು ಎದೆಯ ಮೇಲೋ ಚಾಪೆಯ ಮೇಲೋ ಎರಡೆರಡು ನಿಮಿಷ ಬೋರಲು ಹಾಕಿ. ತಾಯಿ ಕೊಯ್ಲಿಗೆ ಹೋದರೆ ನೋಡಿಕೊಳ್ಳುವವರಿಗೂ ಇದನ್ನು ಕಲಿಸಬೇಕು.

ನಿಜವಾದ ವಯಸ್ಸು ನಾಲ್ಕು ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹೆಬ್ಬೆರಳು ಒಳಗಾಗಿ ಮುಷ್ಟಿ ಸದಾ ಬಿಗಿದೇ ಇದ್ದರೆ, ಕಾಲುಗಳು ಕತ್ತರಿಯಂತೆ ಬಿಗಿದರೆ, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಬಳಸತೊಡಗಿದರೆ ಕಾಯಬೇಡಿ, ಕಳಿಸಿ. ಇನ್ನೊಂದು ಉಪಾಯವಿದೆ. ನಿಜವಾದ ವಯಸ್ಸು ಮೂರು ತಿಂಗಳ ಸುಮಾರಿಗೆ ಕೂಸಿನ ಕತ್ತು, ಮಣಿಕಟ್ಟು, ಪಾದಗಳಲ್ಲಿ ಎಡೆಬಿಡದೆ ಸಣ್ಣ ಸಣ್ಣ ಚಲನೆಗಳು ಇರಬೇಕು. ಅವು ಇಲ್ಲದಿದ್ದರೆ ಮೆದುಳಿಗೆ ಪೆಟ್ಟಾಗಿರುವ ಸಂಶಯ ಬಹಳ ಬೇಗ ಹುಟ್ಟುತ್ತದೆ, ಥೆರಪಿಯೂ ಬೇಗ ಆರಂಭವಾಗುತ್ತದೆ. ತರಬೇತಾದವರು ಅದನ್ನು ವಿಡಿಯೋ ನೋಡಿಯೇ ಗುರುತಿಸಬಲ್ಲರು, ಆದ್ದರಿಂದ ನಿಮ್ಮ ಫೋನಿನಲ್ಲಿ ಮೂರು ನಿಮಿಷ ಚಿತ್ರೀಕರಿಸಿ ಚಿಕಿತ್ಸೆ ಕೊಟ್ಟ ಘಟಕದವರಿಗೆ ಕಳಿಸಬಹುದೇ ಎಂದು ಕೇಳಿ.

ಮರುಪ್ರಶ್ನೆ (ಆಶಾ ಕಾರ್ಯಕರ್ತೆ): ವಿಡಿಯೋ ಹೇಗೆ ತೆಗೆಯಬೇಕು ಮೇಡಂ? ಆ ಹೊತ್ತಿಗೆ ಡಿಸೆಂಬರ್ ಚಳಿ ಇರುತ್ತದೆ.

ಉತ್ತರ: ಮಧ್ಯಾಹ್ನ ಬಿಸಿಲೇರಿದ ಮೇಲೆ, ಗಾಳಿ ನುಗ್ಗದ ಕೋಣೆಯಲ್ಲಿ ತೆಗೆಯಿರಿ. ಕೂಸು ಹಾಲು ಕುಡಿದು ಎಚ್ಚರವಾಗಿ, ಅಳದೆ ಇರಬೇಕು. ಒಂದೇ ಬಣ್ಣದ ಚಾಪೆಯ ಮೇಲೆ ಅಂಗಾತ ಮಲಗಿಸಿ. ತೆಳುವಾದ ಅಂಗಿ ಇರಲಿ, ಮೊಣಕೈ ಮೊಣಕಾಲಿನಿಂದ ಕೆಳಗೆ ಬರಿದಾಗಿದ್ದರೆ ಸಾಕು. ಆಟಿಕೆ ತೋರಿಸಬೇಡಿ, ಮಾತನಾಡಿಸಬೇಡಿ, ಬಾಯಿಗೆ ಏನನ್ನೂ ಕೊಡಬೇಡಿ. ತಲೆಯಿಂದ ಪಾದದವರೆಗೆ ಪೂರ್ತಿ ಕಾಣುವಂತೆ ಕಾಲಿನ ಕಡೆ ನಿಂತು ಫೋನನ್ನು ಅಲುಗಾಡಿಸದೆ ಹಿಡಿಯಿರಿ. ಕೂಸು ಅತ್ತರೆ ಅಂದು ಬಿಟ್ಟುಬಿಡಿ, ಮರುದಿನ ತೆಗೆದರಾಯಿತು.