ಹಳೆಯ ಊರುಗಳಲ್ಲಿ ನೆಲ ಮೇಲೇರುವುದು ಹೇಗೆ?

ಪ್ರಶ್ನೆ (ಹಳೇ ಹುಬ್ಬಳ್ಳಿ)

ನಮ್ಮ ಓಣಿಯ ಹಳೆಯ ಮನೆಗಳ ಕಟ್ಟೆಗಳು ಈಗ ರಸ್ತೆಯ ಮಟ್ಟಕ್ಕೆ ಬಂದಿದ್ದು, ಕೆಲವು ಮನೆಗಳಲ್ಲಿ ಹೊಸ್ತಿಲು ದಾಟಿದ ಮೇಲೆ ಕೆಳಗಿಳಿಯಬೇಕಾಗಿದೆ. ಮೇಲಿಂದ ಮೇಲೆ ಹಾಕಿದ ಖಡಿ, ಡಾಂಬರು, ಕಾಂಕ್ರೀಟುಗಳೇ ಇದಕ್ಕೆ ಕಾರಣವೆಂಬುದು ಸ್ಪಷ್ಟ. ಆದರೆ ಡಾಂಬರೇ ಇಲ್ಲದ ಕಾಲದಲ್ಲಿಯೂ ಪಟ್ಟಣಗಳು ಮಣ್ಣಿನಡಿ ಹೂತಿವೆ. ಅಷ್ಟು ಮಣ್ಣು ಬಂದದ್ದು ಎಲ್ಲಿಂದ? ಲಕ್ಕುಂಡಿಯಂಥ ಊರಿನಲ್ಲಿ ತಗ್ಗಿನಲ್ಲಿ ಕಾಣುವುದೆಲ್ಲವೂ ಹೀಗೆ ಹೂತದ್ದೇ?

ಉತ್ತರ (ಗದಗ)

ಬಹುಪಾಲು ಮಣ್ಣನ್ನು ತಂದವರು ಜನರೇ. ನಮ್ಮ ಸೀಮೆಯ ಮಾಳಿಗೆ ಮನೆಯನ್ನೇ ನೋಡಿರಿ: ದಪ್ಪನೆಯ ಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ಮೇಲ್ಮುದ್ದೆ ಎಂಬ ಮಣ್ಣಿನ ಚಾವಣಿ, ಸೋರಬಾರದೆಂದು ಮಳೆಗಾಲಕ್ಕೆ ಮುನ್ನ ಅದರ ಮೇಲೆ ಮತ್ತಷ್ಟು ಕರಲು ಮಣ್ಣು. ಇದೆಲ್ಲ ಕೆರೆ, ಹಳ್ಳ, ಹೊಲಗಳಿಂದ ಬುಟ್ಟಿಯಲ್ಲಿ, ಚಕ್ಕಡಿಯಲ್ಲಿ ಊರೊಳಗೆ ಬಂದದ್ದು. ತಿರುಗಿ ಹೊರಹೋಗುವುದು ಅಪರೂಪ. ಮನೆ ಬಿದ್ದಾಗ ತೊಲೆ, ಕಂಬ, ಬಾಗಿಲು, ಒಳ್ಳೆಯ ಕಲ್ಲುಗಳನ್ನು ಆರಿಸಿಕೊಂಡು, ಮಣ್ಣನ್ನು ಅಲ್ಲಿಯೇ ಹರವಿ, ಅದರ ಮೇಲೆ ಹೊಸ ಮನೆ ಎಬ್ಬಿಸುತ್ತಿದ್ದರು. ಒಲೆಯ ಬೂದಿ, ಒಡೆದ ಗಡಿಗೆ, ತಿಪ್ಪೆಯ ಕಸವೂ ಅದರೊಳಗೇ ಸೇರುತ್ತಿತ್ತು. ಪ್ರಾಚೀನ ಟ್ರಾಯ್ ಎಂದು ಗುರುತಿಸಲಾದ ಟರ್ಕಿಯ ಹಿಸಾರ್ಲಿಕ್ ದಿಬ್ಬದಲ್ಲಿ ಹೀಗೆ ಒಂದರ ಮೇಲೊಂದು ಬೆಳೆದ 9 ಪ್ರಮುಖ ಸ್ತರಗಳಿವೆ. ನಮ್ಮಲ್ಲಿ ಪಾಳುಬಿದ್ದ ಊರುಗಳ ಹಾಳುಮಣ್ಣನ್ನು ಗೊಬ್ಬರವೆಂದು ಹೊಲಕ್ಕೆ ಹೇರುವ ರೂಢಿಯುಂಟು. ಅದರೊಡನೆ ಸ್ತರಗಳು ಕಲಸಿಹೋಗಿ, ಯಾವ ಮಡಕೆ ಯಾವ ಕಾಲದ್ದೆಂದು ಹೇಳುವ ದಾರಿಯೇ ಮುಚ್ಚಿಹೋಗುವುದು ದೊಡ್ಡ ನಷ್ಟ.

ಉತ್ತರ (ಧಾರವಾಡ)

ಗದಗಿನವರ ಮಾತಿಗೆ ಒಂದನ್ನು ಸೇರಿಸುವೆ. ಊರು ಕಟ್ಟಿದಾಗ ಮಾತ್ರವಲ್ಲ, ಕೈಬಿಟ್ಟಾಗಲೂ ನೆಲ ಏರುತ್ತದೆ. ರೋಮಿನ ಪ್ರಾಚೀನ ಸಾರ್ವಜನಿಕ ಚೌಕವಾದ ಫೋರಂನಲ್ಲಿ ಬಿದ್ದ ಕಟ್ಟಡಗಳ ಅವಶೇಷ ಮತ್ತು ಹೂಳು ತುಂಬಿ, ಅದು ದನ ಮೇಯುವ ಬಯಲಾಗಿತ್ತು.

ಲಕ್ಕುಂಡಿಯ ಬಗ್ಗೆ ಮಾತ್ರ ಅವಸರದ ತೀರ್ಮಾನ ಬೇಡ. ಮಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿ ಎಂಬ ಮೆಟ್ಟಿಲುಬಾವಿ ಆಳದಲ್ಲಿರುವುದು ನೀರಿನ ಮಟ್ಟಕ್ಕೆ ಇಳಿಯಲೆಂದೇ. ಗುಡಿಗಳಲ್ಲಾದರೆ ಅಧಿಷ್ಠಾನವನ್ನು, ಅಂದರೆ ಗೋಡೆ ನಿಂತ ತಳಪೀಠವನ್ನು ನೋಡಬೇಕು. ತೀರ ಕೆಳಗಿನ ಉಪಾನದಿಂದ ಹಿಡಿದು ಜಗತಿ, ಕುಮುದ, ಕಪೋತಗಳವರೆಗಿನ ಪಟ್ಟಿಕೆಗಳಲ್ಲಿ ಕೆಳಗಿನವು ಮಣ್ಣಿನಲ್ಲಿ ಮರೆಯಾಗಿದ್ದರೆ, ಗುಡಿ ಕಟ್ಟಿದ ಮೇಲೆ ಸುತ್ತಲಿನ ನೆಲ ಏರಿದೆ ಎನ್ನಬಹುದು. ಸುತ್ತಲೂ ಅಗೆದು ಬಿಡಿಸಿದ ಗುಡಿಯಾದರೆ, ಅಗೆದ ತಗ್ಗಿನ ಅಂಚಿನಲ್ಲಿ ಬೂದಿಯ ಗೆರೆ, ಮಡಕೆಚೂರು ಕಾಣುತ್ತವೆಯೇ ಎಂದು ನೋಡಿರಿ; ಕಂಡರೆ ಅದು ಜನರ ವಾಸದಿಂದ ಏರಿದ ಮಣ್ಣೆನ್ನಬಹುದು.

ಉತ್ತರ (ಹಾವೇರಿ)

ನೆಲ ಕುಸಿಯುವ ನಗರಗಳೂ ಇವೆ. ಮೆಕ್ಸಿಕೋ ನಗರ ಹಳೆಯ ಸರೋವರದ ಜೇಡಿಯ ಮೇಲೆ ನಿಂತಿದ್ದು, ಅಂತರ್ಜಲ ಎತ್ತಿದಂತೆಲ್ಲ ಆ ಜೇಡಿ ಅಡಕವಾಗಿ ನೆಲ ತಗ್ಗುತ್ತಿದೆ. 1910ರಲ್ಲಿ ನಿಲ್ಲಿಸಿದ ಅಲ್ಲಿನ ಸ್ವಾತಂತ್ರ್ಯ ಸ್ತಂಭದ ಅಡಿಪಾಯ ಆಳವಾಗಿದ್ದರಿಂದ ಸ್ತಂಭ ಇದ್ದಲ್ಲೇ ನಿಂತು ಸುತ್ತಲಿನ ನೆಲವಷ್ಟೇ ಕುಸಿಯಿತು. ಅದನ್ನು ಏರಲು ಹೊಸದಾಗಿ 14 ಮೆಟ್ಟಿಲುಗಳನ್ನು ಸೇರಿಸಬೇಕಾಯಿತು.