ಮೊಣಕಾಲು ಸವೆತ: ಮೃದ್ವಸ್ಥಿಗೆ ನರ ಇಲ್ಲ, ಮತ್ತ ನೋವು ಎಲ್ಲಿಂದ?

ಪ್ರಶ್ನೆ (ಕಲಬುರಗಿ): ನಿಂತು ತೆಗೆದ ಎಕ್ಸ್‌ರೇದಾಗ ಒಳಬದಿ ಸಂದು ಕಿರಿದಾಗ್ಯದ, ಎಲುಬಿನ ಅಂಚಿಗೆ ಮುಳ್ಳು ಬೆಳೆದಾವ. ನೋವು ಯಾವುದರದ್ದು?

ಉತ್ತರ 1: ಮೃದ್ವಸ್ಥಿ ಅಂದ್ರ ಎಲುಬಿನ ತುದಿ ಮ್ಯಾಲಿನ ನುಣುಪಾದ ಹೊದಿಕೆ; ನರ ಇರೋದು ಅದರ ಕೆಳಗಿನ ಎಲುಬಿನಾಗ, ಕೀಲಿನ ಒಳಪೊರೆಯಾಗ. ಮೃದ್ವಸ್ಥಿಯ ಕೊಲಾಜನ್ (ನಾರಿನಂಥ ಪ್ರೋಟೀನ್) ಜಾಲ ಹರಿದಾಗ ಅದು ಮೊದಲು ನೀರು ಹೀರಿ ಮೆತ್ತಗಾಗ್ತದ, ಆಮ್ಯಾಲ ಸೀಳಿ ಉದುರ್ತದ. ಆ ಚೂರು ಒಳಪೊರೆಯನ್ನ ಕೆರಳಿಸಿ ಬಾವು ತರ್ತಾವ. ಮೃದ್ವಸ್ಥಿಗೆ ರಕ್ತನಾಳ ಇಲ್ಲದ್ದಕ್ಕ ಸವೆದದ್ದು ಮತ್ತ ತುಂಬಂಗಿಲ್ಲ. ಕೆಳಗಿನ ಎಲುಬು ಗಟ್ಟಿಯಾಗಿ ಎಕ್ಸ್‌ರೇದಾಗ ಹೆಚ್ಚು ಬೆಳ್ಳಗ ಕಾಣ್ತದ.

ಉತ್ತರ 2: ತೊಡೆ ಸ್ನಾಯುನೂ ಸೊರಗ್ತದ, ಅದನ್ನ ಮರೀಬ್ಯಾಡ್ರಿ. ಮೊಣಕಾಲ ಕೆಳಗ ಸುತ್ತಿದ ಟವೆಲ್ ಇಟ್ಟು ಒತ್ತಿ, 5 ಸೆಕೆಂಡ್ ಹಿಡಿದು ಬಿಡ್ರಿ, 10 ಸಲ. ರೊಟ್ಟಿ ನೆಲಕ್ಕ ಕುಂತು ಬಡಿಯೋದು ಬ್ಯಾಡ, ಅಡಿಗಿ ಕಟ್ಟಿ ಮುಂದ ನಿಂತು ಬಡೀರಿ.

ಉತ್ತರ 3: ಜ್ವರದ ಜೋಡಿ ಮೊಣಕಾಲು ದಿಢೀರ್ ಬಾತು ಕೆಂಪಾದ್ರ ಸವೆತ ಅಂತ ಕುಂದ್ರಬ್ಯಾಡ್ರಿ, ಅವತ್ತೇ ಡಾಕ್ಟರಿಗೆ ತೋರಿಸ್ರಿ.